ಗಂಡನ ಪಾಲಿನ ಮಾತ್ರೆ

ಕೇರಳದ ಏಲೂರಿನ ನಮ್ಮ ಕ್ವಾರ್ಟರ್ಸಿನಲ್ಲಿ ಗೊಬ್ಬರ ಕಾರ್ಖಾನೆಯ ನಾತಕ್ಕೆ ಎಲ್ಲರ ಮೂಗೂ ಒಗ್ಗಿಹೋಗಿದೆ. ಎದುರುಮನೆಯ ಪ್ರೇಮಮ್ಮನಿಗೆ ಮಾತ್ರ ನಾತವೆಲ್ಲ ಸೊಸೆಯ ಮೈಯಿಂದಲೇ ಬರುತ್ತಿತ್ತು.

ಅವರು ಮೈಸೂರಿನವರು. ಮಗ ಮನೋಜ್ ಎಂಜಿನಿಯರ್. ಸೊಸೆ ಮಹತಿಗೆ ಬಿಳಿ ಹೋಗುವುದು, ತುರಿಕೆ, ಉರಿ ಶುರುವಾದಾಗ ಪ್ರೇಮಮ್ಮ "ಹೆಂಗಸಿನ ಉಷ್ಣ, ಹೆಂಗಸಿನ ಕೊಳಕು" ಎಂದು ಅವಳ ಬಕೆಟ್ಟು, ತಟ್ಟೆ ಬೇರೆ ಮಾಡಿದರು. ಪಟಿಕದ ನೀರಿನಲ್ಲಿ ಒಳಗೆಲ್ಲ ತೊಳೆಯಿಸಿದರು. ಉರಿ ಹೆಚ್ಚಾಯಿತು. ಅಡುಗೆಮನೆಗೆ ಬರಬಾರದ ಆ ಮೈ ಮಗನ ಹಾಸಿಗೆಗೆ ಮಾತ್ರ ಆಗುತ್ತಿತ್ತು. ಹೇಸಿಗೆ ಎಂದರೆ ನನಗೆ ಇದು.

ನಾನೇ ಅವಳನ್ನು ಕಳಮಶ್ಶೇರಿಯ ಡಾಕ್ಟರ್ ಸುಮಯ್ಯಾ ಹತ್ತಿರ ಕರೆದುಕೊಂಡು ಹೋದೆ.

"ಬಿಳಿ ಹೋಗೋದೆಲ್ಲ ಗಂಡ ಹೆಂಡತಿ ನಡುವೆ ಅಂಟಲ್ಲ," ಎಂದರು ಅವರು, ಪರೀಕ್ಷೆ ಮಾಡಿ. "ಆದರೆ ನಿನ್ನದು ಅಂಟುವಂಥದ್ದು. ಗಂಡಸಿಗೆ ಏನೂ ಗೊತ್ತಾಗದೆ ಇರಬಹುದು, ಆದರೂ ಅವನಿಂದ ಮತ್ತೆ ಬರುತ್ತೆ. ಇಬ್ಬರೂ ಒಟ್ಟಿಗೆ ಮಾತ್ರೆ ತಗೋಬೇಕು. ಒಳಗೆ ಏನೂ ಹಾಕಿ ತೊಳೀಬೇಡ, ಮಗಳೇ."

ಎರಡು ಪೊಟ್ಟಣ ಕಂಡು ಪ್ರೇಮಮ್ಮ ಕೆರಳಿದರು. "ನನ್ನ ಮಗ ದಿನಾ ಎರಡು ಸಲ ಸ್ನಾನ ಮಾಡ್ತಾನೆ. ಹೆಂಗಸರ ಕಾಯಿಲೆಗೆ ಅವನ್ಯಾಕೆ ನುಂಗಬೇಕು? ಎರಡೂ ನೀನೇ ನುಂಗು, ಬೇಗ ಹೋಗತ್ತೆ."

ಮಹತಿ ನುಂಗಿದಳು. ಎರಡು ದಿನ ವಾಂತಿ. ಕಾಯಿಲೆ ಹೋಯಿತು, ತಿಂಗಳೊಳಗೆ ಮತ್ತೆ ಬಂತು.

"ಇವಳ ಮೈಯೇ ಸರಿಯಿಲ್ಲ. ತವರಿಗೆ ಕಳಿಸ್ತೀವಿ," ಎಂದರು ಪ್ರೇಮಮ್ಮ.

ನಾನು ಮನೋಜನನ್ನು ತಡೆದು ಕೇಳಿದೆ: "ಎಂಜಿನಿಯರ್ ಸಾಹೇಬ್ರೇ, ಪೈಪು ಎರಡು ಕಡೆ ಸೋರಿದ್ರೆ ಒಂದೇ ಕಡೆ ಬೆಸುಗೆ ಹಾಕ್ತೀರಾ?"

"ನಂಗೇನೂ ಇಲ್ಲ ಆಂಟಿ," ಎಂದ, ಮೊಬೈಲಿನಿಂದ ಕಣ್ಣೆತ್ತದೆ.

ಡಾಕ್ಟರು ಮತ್ತೆ ಎರಡು ಪೊಟ್ಟಣ ಕೊಟ್ಟರು. ಈ ಸಲ ಮಹತಿ ನನ್ನೆದುರಿಗೇ ಒಂದನ್ನು ಗಂಡನ ಮುಂದಿಟ್ಟಳು.

"ನಾಚಿಕೆ ಇಲ್ವೇನೇ?" ಪ್ರೇಮಮ್ಮ ಕೂಗಿದರು. "ನಂಗೂ ಇತ್ತು, ಹನ್ನೆರಡು ವರ್ಷ! ಬಾಯಿ ಬಿಟ್ಟೆನಾ?"



"ಬಿಡಬೇಕಿತ್ತು ಅತ್ತೆ," ಎಂದಳು ಮಹತಿ. ಆಮೇಲೆ ಗಂಡನ ಕಡೆ ತಿರುಗಿದಳು. "ನಿಮ್ಮದನ್ನ ನೀವು ನುಂಗಿ. ಡಾಕ್ಟರು ಹೇಳಿದಷ್ಟು ದಿನ ನನ್ನ ಮುಟ್ಟಬೇಡಿ. ನುಂಗಲ್ಲ ಅಂದ್ರೆ ಯಾವತ್ತೂ ಮುಟ್ಟಬೇಡಿ. ಬೇಕಾದ್ರೆ ತವರಿಗೆ ಕಳಿಸಿ, ಅಲ್ಲಿ ಯಾಕೆ ಬಂದೆ ಅಂತ ಕೇಳಿದವರಿಗೆಲ್ಲ ಇದನ್ನೇ ಹೇಳ್ತೀನಿ."

ಮನೋಜ್ ಅಮ್ಮನ ಮುಖ ನೋಡಿದ. ಪ್ರೇಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು. ಒಂದು ಲೋಟ ನೀರು ತಂದು ಮಗನ ಮುಂದೆ ಕುಕ್ಕಿದರು.