ಡಾಕ್ಟರ ಹೆಂಡತಿಗೊಂದು ಹಗುರ ಸ್ಕೀ

ಮೂವತ್ತೊಂದು ವರ್ಷದಿಂದ ಆಸ್ಟ್ರಿಯಾದ ಟಿರೋಲಿನ ಈ ಕಣಿವೆಯಲ್ಲಿ, ಹಿಮದ ಮೇಲೆ ಜಾರುವ ಹಲಗೆಗಳ ಸ್ಕೀ ಅಂಗಡಿ ಇಟ್ಟುಕೊಂಡಿದ್ದೇನೆ. ಥರಾವರಿ ಮೂರ್ಖರನ್ನು ಕಂಡಿದ್ದೇನೆ. ಆದರೆ ಗ್ರಾಂ ಎಣಿಸುವ ಮೂರ್ಖರಿಗಿರುವಷ್ಟು ಗತ್ತು ಇನ್ಯಾರಿಗೂ ಇಲ್ಲ. ಭಾರ ಇಳಿಸಬೇಕೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುತ್ತಾರೆ, ಅಂಗಿಯ ಲೇಬಲ್ಲು ಕಿತ್ತು ಬಿಸಾಡುತ್ತಾರೆ. ಸೊಂಟದ ಸುತ್ತ ಹೊತ್ತುಕೊಂಡ ಆರು ಕಿಲೋ ಮಾತ್ರ ಆ ಲೆಕ್ಕಕ್ಕೆ ಸೇರುವುದಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಡಾಕ್ಟರ್ ಹಾರ್ಟ್‌ವಿಗ್ ಬಂದರು. ಪಟ್ಟಣದಲ್ಲಿ ಹೆಸರು ಮಾಡಿದ ಮೂಳೆ ಡಾಕ್ಟರು. ಕೈಯಲ್ಲಿ ಮೀನು ತೂಗುವಂಥ ಕೊಕ್ಕೆಯ ತಕ್ಕಡಿ. ನಮಸ್ಕಾರವಿಲ್ಲ, ಏನಿಲ್ಲ, ಗೋಡೆಗೆ ಒರಗಿಸಿದ್ದ ನನ್ನ ಸ್ಕೀಗಳನ್ನು ಒಂದೊಂದಾಗಿ ನೇತುಹಾಕಿ ತೂಗಲು ಶುರುಮಾಡಿದರು.

"ಇದು ಒಂದೊಂದೂ ಎಂಟುನೂರು ಗ್ರಾಂ. ಇದನ್ನೇ ಕೊಡಿ," ಅಂದರು. ಅದು ಬೆಟ್ಟ ಹತ್ತುವ ಪಂದ್ಯದವರು ಕಟ್ಟಿಕೊಳ್ಳುವ ಸ್ಕೀ, ಅಗಲ ನೋಡಿದರೆ ಮೂರು ಬೆರಳು.

"ಡಾಕ್ಟರೇ, ಹತ್ತೋದಕ್ಕೇನೋ ಇದು ಹೂವು. ಇಳಿಯೋದು ಹೇಗೆ?" ಅಂದೆ. "ಹಿಟ್ಟಿನಂಥ ಹೊಸ ಹಿಮ ಇದ್ರೆ ಏನು ಕಟ್ಕೊಂಡ್ರೂ ನಡೆಯುತ್ತೆ. ಈ ವಾರ ಹಾಗಿಲ್ಲ. ಬೆಚ್ಚಗಿನ ಗಾಳಿ ಬೀಸಿ ಹೋಗಿದೆ. ಒಂದೇ ಇಳಿಜಾರಲ್ಲಿ ನಾಲ್ಕು ಥರ ಹಿಮ. ಎಷ್ಟೋ ಕಡೆ ಮೇಲೆ ಹಪ್ಪಳ, ಒಳಗೆ ಹಿಟ್ಟು. ಹಪ್ಪಳ ಮುರೀತು ಅಂದ್ರೆ ಈ ಕಡ್ಡಿ ಒಳಗೆ ಹೋಗಿ ಸಿಕ್ಕಿಹಾಕ್ಕೊಳ್ಳುತ್ತೆ, ಕಾಲು ತಿರುಚುತ್ತೆ. ಇನ್ನು ನಾನೂರು ಗ್ರಾಂ ಜಾಸ್ತಿ ಇರೋದು ತಗೊಳ್ಳಿ, ಇದಕ್ಕಿಂತ ಒಂದು ಬೆರಳು ಜಾಸ್ತಿ ಅಗಲ ಇದೆ. ಅದೂ ಹಗುರವೇ."

"ನೋಡೀಮ್ಮ, ನಾಲ್ಕು ಸಾವಿರ ಮಂಡಿ ಬಿಚ್ಚಿ ಮುಚ್ಚಿದ್ದೀನಿ. ಕಾಲು ಹೇಗೆ ತಿರುಚುತ್ತೆ ಅಂತ ನನಗೆ ಪಾಠ ಹೇಳ್ಬೇಡಿ," ಅಂದವರೇ ಒಂದು ಜೊತೆ ಬೂಟು ತೆಗೆದು ಮೇಜಿನ ಮೇಲಿಟ್ಟರು. ಅಂಥ ಪುಟ್ಟ ಬೂಟಿನೊಳಗೆ ಅವರ ಹೆಬ್ಬೆರಳೂ ಹೋಗುತ್ತಿರಲಿಲ್ಲ.

"ಯಾರಿಗೆ ಇದು?"

"ನನ್ನ ಹೆಂಡತಿ ರೋಸ್‌ವಿತಾಗೆ. ಯಾವಾಗ್ಲೂ ಹಿಂದೆ ಬೀಳ್ತಾಳೆ. ಮುಂದಿನ ವಾರ ನಾಲ್ಕು ದಿನ ಬೆಟ್ಟ ದಾಟ್ತಿದ್ದೀವಿ, ಜೊತೇಲಿ ಬೇರೆ ಡಾಕ್ಟರುಗಳು ಇರ್ತಾರೆ. ಎಲ್ಲರೂ ನಿಂತು ಇವಳಿಗೆ ಕಾಯ್ಬೇಕು ಅಂದ್ರೆ ನನಗೆ ನಾಚಿಕೆ."

"ನಿಮ್ಮ ಸ್ಕೀ ಎಷ್ಟು ತೂಗುತ್ತೆ?"

"ಒಂದೂವರೆ ಕಿಲೋ, ಅಗಲದ್ದು. ಮುಂದೆ ಹೋಗೋನಿಗೆ ಭದ್ರವಾದದ್ದು ಬೇಕಲ್ಲ?"

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ "ಆಯ್ತು ಡಾಕ್ಟರೇ, ಸೋಮವಾರಕ್ಕೆ ಸಿದ್ಧ ಮಾಡಿಡ್ತೀನಿ" ಎಂದು ಚೀಟಿ ಬರೆದುಕೊಂಡೆ.

ಗುರುವಾರ ರೋಸ್‌ವಿತಾ ಒಬ್ಬರೇ ಬಂದರು. ಐವತ್ತು ದಾಟಿದ, ಮೆಲುದನಿಯ ಹೆಂಗಸು. ಬಾಗಿಲಲ್ಲೇ ನಿಂತು, "ಇನ್ನೂ ತೂತು ಕೊರೆದಿಲ್ಲ ತಾನೇ?" ಎಂದು ಕೇಳಿದರು. ಬೂಟು ಹಿಡಿಯುವ ಬೈಂಡಿಂಗ್ ಕೂರಿಸಲು ಒಮ್ಮೆ ತೂತು ಕೊರೆದರೆ ಸ್ಕೀ ವಾಪಸ್ಸಿಲ್ಲ.

"ಇಲ್ಲಮ್ಮ, ಕೈ ಬರ್ಲಿಲ್ಲ," ಅಂದೆ.

"ಹೋದ ವರ್ಷ ಇಂಥ ಹಿಮದಲ್ಲೇ ಬಿದ್ದೆ. ಎಡಗಾಲು ಮುರೀತು. ಆಪರೇಷನ್ ನನ್ನ ಗಂಡನೇ ಮಾಡಿದ. ಎಷ್ಟು ಚೆನ್ನಾಗಿ ಕೂತಿದೆ ನೋಡಿ ಅಂತ ಮನೆಗೆ ಬಂದೋರಿಗೆಲ್ಲ ನನ್ನ ಎಕ್ಸ್‌ರೇ ತೋರಿಸ್ದ. ಇನ್ನೊಂದ್ಸಲ ಮುರಿದ್ರೆ ನಡೆಯೋದೇ ಕಷ್ಟ ಅಂತ ಬೇರೆ ಡಾಕ್ಟರು ಹೇಳಿದ್ದಾರೆ."

"ಅದನ್ನ ನಿಮ್ಮವರಿಗೆ ಹೇಳಿದ್ರಾ?"

"ಹೇಳ್ದೆ. ಭಯ ಇರೋದು ಕಾಲಲ್ಲಿ ಅಲ್ಲ, ತಲೇಲಿ ಅಂದ."

ಆಹಾ, ಎಂಥ ವೇದವಾಕ್ಯ! ನನಗೆ ಡಾಕ್ಟರ ತಲೆಯನ್ನೇ ತಕ್ಕಡಿಗೆ ನೇತುಹಾಕಬೇಕು ಅನ್ನಿಸಿತು. "ಹಿಮದ ಮೇಲೆ ಪರೀಕ್ಷೆ ಮಾಡ್ದೆ ಆ ಅಂಗಡಿ ಹುಚ್ಚಿ ತೂತು ಕೊರೆಯಲ್ವಂತೆ ಅಂತ ಹೇಳಿ. ಶನಿವಾರ ಬೆಳಿಗ್ಗೆ ಇಬ್ಬರೂ ಬನ್ನಿ," ಅಂದೆ. ಯಾವ ಬೂಟಿಗೂ ಹೊಂದುವಂತೆ ಹಿಂದೆ ಮುಂದೆ ಸರಿಸಬಹುದಾದ ಬೈಂಡಿಂಗ್ ಇರುವ ಎರಡು ಜೊತೆ ಪರೀಕ್ಷೆಯ ಸ್ಕೀ ನನ್ನಲ್ಲಿದ್ದವು. ಒಂದು ಡಾಕ್ಟರ ಎಂಟುನೂರು ಗ್ರಾಮಿನದು, ಇನ್ನೊಂದು ನಾನು ಹೇಳಿದ್ದು.

ಶನಿವಾರ ಮೂವರೂ ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ತುಪ್ಪಳದ ಪಟ್ಟಿ ಅಂಟಿಸಿಕೊಂಡು ಹತ್ತಿದೆವು. ರೋಸ್‌ವಿತಾ ಕಾಲಿಗೆ ಡಾಕ್ಟರು ಆರಿಸಿದ ಕಡ್ಡಿ, ನನ್ನ ಬೆನ್ನ ಮೇಲೆ ಇನ್ನೊಂದು ಜೊತೆ. ಹತ್ತುವಾಗ ರೋಸ್‌ವಿತಾ ನಿಜವಾಗಿಯೂ ಹಿಂದೆ ಬೀಳಲಿಲ್ಲ. "ನೋಡಿದ್ರಾ?" ಎಂದು ಡಾಕ್ಟರು ಹತ್ತು ಹೆಜ್ಜೆಗೊಮ್ಮೆ ತಿರುಗಿ ನನ್ನನ್ನು ಕೇಳಿದರು. ದಿಬ್ಬದ ತುದಿಯಲ್ಲಿ ಪಟ್ಟಿ ಕಿತ್ತು ಇಳಿಯಲು ನಿಂತೆವು. ಡಾಕ್ಟರು ತಮ್ಮ ಅಗಲದ ಸ್ಕೀಯಲ್ಲಿ ಹಪ್ಪಳವನ್ನು ಪುಡಿಮಾಡುತ್ತ ಕೆಳಗಿನ ಚಹಾ ಗುಡಿಸಲ ತನಕ ಸುಯ್ಯನೆ ಹೋಗಿಬಿಟ್ಟರು. ರೋಸ್‌ವಿತಾ ಮೊದಲ ತಿರುವಿಗೇ ಬಿದ್ದರು. ಎದ್ದರು, ಮತ್ತೆ ಬಿದ್ದರು. ನಾನು ಕೈ ಹಿಡಿದು ಎತ್ತಿದಾಗ ಅವರು ಮೊದಲು ಎಡಗಾಲನ್ನೇ ಮುಟ್ಟಿ ನೋಡಿಕೊಂಡರು.

"ಮಂಡಿ ಬಗ್ಗಿಸೇ! ಮಂಡಿ!" ಎಂದು ಕೆಳಗಿನಿಂದ ಗಂಡ ಕೂಗುತ್ತಿದ್ದರು.

ನಮ್ಮಲ್ಲಿ ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ಯಾರಿಗೂ 'ನೀವು' ಇಲ್ಲ. ಬಿಷಪ್ಪನಾಗಲಿ, ಜಡ್ಜ್ ಆಗಲಿ, ಬೆಟ್ಟದ ಮೇಲೆ ಎಲ್ಲರೂ 'ನೀನು'. ಗಂಡ ಹೆಂಡತಿಯರಂತೂ ಎಲ್ಲೇ ಇರಲಿ ಒಬ್ಬರಿಗೊಬ್ಬರು 'ನೀನು'. ಅವರ ನಡುವೆ 'ನೀವು' ಬಂತೆಂದರೆ ಸಂಬಂಧ ಮುಗಿಯಿತೆಂದೇ ಲೆಕ್ಕ. ನನ್ನ ಅಂಗಡಿ ಇರುವುದು ಒಂಬೈನೂರು ಮೀಟರಿನಲ್ಲಿ. ಗುಡಿಸಲು ಇರುವುದು ಸಾವಿರದ ಎಂಟುನೂರರಲ್ಲಿ.

"ಹಾರ್ಟ್‌ವಿಗ್," ಅಂದೆ ಗುಡಿಸಲ ಮುಂದೆ ನಿಂತು. "ನೀನು ಈಗ ನಿನ್ನ ಸ್ಕೀ ಬಿಚ್ಚು. ಹೆಂಡತೀದು ಕಟ್ಕೊ. ಅವಳಿಗೆ ನನ್ನ ಬೆನ್ನ ಮೇಲಿರೋ ಜೊತೆ ಕೊಡ್ತೀನಿ. ಇನ್ನೊಂದ್ಸಲ ಹತ್ತಿ ಇಳಿಯೋಣ."

ಅವನ ಮುಖ ಬೀಟ್‌ರೂಟ್ ಆಯಿತು. "ಒಬ್ಬರಿಗೊಬ್ಬರು 'ನೀನು' ಅನ್ನೋ ಹಾಗೆ ನಾವು ಯಾವಾಗಿಂದ ಆದ್ವಿ?"

ಗುಡಿಸಲಲ್ಲಿ ಚಹಾ ಮಾರುವ ಮುದುಕ ಕಾಸಿಯಾನ್ ಕಿಟಕಿಯಿಂದ ತಲೆ ಹಾಕಿದ. "ಕೆಳಗೆ ಸಾವಿರ ಮೀಟರಿನ ಸೇತುವೆ ದಾಟಿದಾಗಿಂದ ಕಣಯ್ಯ. ಯಾಕೆ, ನೀನೇನು ಆಕಾಶದಿಂದ ಇಳಿದ್ಯಾ? ಎಂಟುನೂರು ಗ್ರಾಮಿಗೆ ಹೆದರ್ಕೊಂಡ್ಯೇನೋ?"

ಬೆಂಚಿನ ಮೇಲಿದ್ದ ನಾಲ್ಕು ಜನ ನಕ್ಕರು. ಅಷ್ಟು ಜನರ ಮುಂದೆ ಇನ್ನೇನು ಮಾಡುತ್ತಾನೆ, ಸ್ಕೀ ಬದಲಾಯಿಸಿದ.

ಎರಡನೇ ಸಲ ರೋಸ್‌ವಿತಾ ಮೊದಲು ಇಳಿದಳು. ಹಪ್ಪಳ ಮುರಿದರೂ ಸ್ಕೀ ಒಳಗೆ ಹೂತುಹೋಗಲಿಲ್ಲ. ಒಂದು ತಿರುವು, ಎರಡು, ಐದು. ಇಳಿಜಾರಿನ ನಡುವೆ ನಿಂತು, ಹಿಂದೆಯೇ ಇಳಿದ ನನ್ನತ್ತ ನೋಡಿದಳು, ಕಣ್ಣು ತುಂಬಿತ್ತು.

ಹಾರ್ಟ್‌ವಿಗ್ ಹೊರಟ. ಎರಡನೇ ತಿರುವಿನಲ್ಲಿ ಕಡ್ಡಿಯ ಮೂತಿ ಹಪ್ಪಳದಡಿ ಹೊಕ್ಕಿತು, ನಾಲ್ಕು ಸಾವಿರ ಮಂಡಿ ಬಿಚ್ಚಿದ ಮಹಾಶಯ ಮುಖ ಅಡಿಯಾಗಿ ಬಿದ್ದ. ಎದ್ದ, ಬಿದ್ದ. ನಾಲ್ಕನೆಯ ಸಲ ಬೀಳುವ ಹೊತ್ತಿಗೆ ರೋಸ್‌ವಿತಾಳ ಪಕ್ಕಕ್ಕೇ ಜಾರಿಬಂದಿದ್ದ. ಬಾಯಲ್ಲಿದ್ದ ಹಿಮ ಉಗಿದು ನನಗೆ ಹೇಳಿದ: "ಸ್ಕೀ ಸರಿಯಾಗೇ ಇದೆ. ಹಿಮ ಸರಿಯಿಲ್ಲ. ಇದಕ್ಕೇ ತೂತು ಕೊರಿ."

ಕುಣಿಯಲಾರದವನಿಗೆ ನೆಲ ಡೊಂಕು! ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ರೋಸ್‌ವಿತಾ ಮಾತಾಡಿದಳು.

"ಹಾರ್ಟ್‌ವಿಗ್, ನೀನೂ ಬಿದ್ದೆಯಲ್ಲ. ನನ್ನ ಕಾಲು ಮುರಿದ್ರೆ?"

"ಮುರಿದ್ರೆ ನಾನಿದ್ದೀನಲ್ಲ, ಕೂರಿಸ್ತೀನಿ."

ಅವಳು ಕೋಲು ಸರಿಯಾಗಿ ಹಿಡಿದುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾದವರು ಮಾತಾಡುವಂತೆ ಮೆತ್ತಗೆ ಅಂದಳು: "ಡಾಕ್ಟರೇ, ನೀವು ಹೋಗಿಬನ್ನಿ. ನಾನು ಬರೋದಿಲ್ಲ."

ಅಷ್ಟೇ. ತಿರುಗಿ ಇಳಿದುಬಿಟ್ಟಳು. ಗುಡಿಸಲ ಹತ್ತಿರವೂ ನಿಲ್ಲಲಿಲ್ಲ, ಕಾಡಿನ ದಾರಿ ಹಿಡಿದು ಕಣಿವೆಯತ್ತ ಹೋದಳು.

ಹಾರ್ಟ್‌ವಿಗ್ ಸೊಂಟದವರೆಗೆ ಹಿಮದಲ್ಲಿ ಹೂತುಕೊಂಡು ಕೂತಿದ್ದ. ಅವಳು ಹೋದ ದಾರಿಯತ್ತ ಕತ್ತು ತಿರುಗಿಸಿ ಕೇಳಿದ: "ಅವಳು ನನಗೆ 'ನೀವು' ಅಂದ್ಲಾ?"

"ಹೂಂ, ಅಂದ್ಲು."

ಅವನು ಕೈಗವಸು ತೆಗೆದು, ಒಂದೊಂದಾಗಿ ಎರಡೂ ಸ್ಕೀ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ತೊಡೆಯವರೆಗೆ ಹೂತುಹೋಗುತ್ತ, ನಡೆದೇ ಇಳಿಯತೊಡಗಿದ.