ತಮ್ಮನ ಎಡಗೈ

"ಡಾಕ್ಟ್ರು ಎಲ್ಲಿದಾರೆ ಮರಿ?" ಎಂದು ಮುದುಕಿ ಕೇಳಿದಾಗ ಅವನು ಸ್ಟೂಲಿನ ಮೇಲೆ ನಿಂತು ಎಕ್ಸ್‌ರೇ ಯಂತ್ರದ ತಲೆಯನ್ನು ಅವಳ ಎದೆಯ ನೇರಕ್ಕೆ ಎಳೆಯುತ್ತಿದ್ದ.

"ಚಿತ್ರ ತೆಗೆಯೋನು ನಾನೇ ಅಜ್ಜಿ. ಅಲುಗಾಡಬೇಡಿ."

"ನೀನೇನಾ? ಯಾವುದೋ ಸ್ಕೂಲು ಹುಡುಗ ಅಂದ್ಕೊಂಡೆ."

"ಉಸಿರು ಹಿಡ್ಕೊಳ್ಳಿ," ಎಂದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಸಿದ.

ವಯಸ್ಸು ಇಪ್ಪತ್ತೈದು. ಎತ್ತರ ಐದಡಿ ಒಂದಿಂಚು. ಬೆಳಿಗ್ಗೆ ಎದ್ದ ತಕ್ಷಣ ಗೋಡೆಗೆ ಒತ್ತಿ ನಿಂತು ಅಳೆದರೆ ಅರ್ಧ ಇಂಚು ಹೆಚ್ಚು; ಸಂಜೆಗೆ ಅದು ಇಲ್ಲ. ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬುತ್ತದೆ, ಹಗಲೆಲ್ಲ ನಿಂತು ನಡೆದು ಕುಗ್ಗುತ್ತದೆ, ಎಲ್ಲರಿಗೂ ಹೀಗೇ ಎಂದು ಅವನಿಗೆ ಗೊತ್ತು. ಓದಿದ್ದೇ ಇದನ್ನು. ಆದರೂ ಬೆಳಗಿನದು ತನ್ನ ನಿಜವಾದ ಎತ್ತರ, ಸಂಜೆಯದು ಬರೀ ಆಯಾಸ ಎಂದು ನಂಬಿಕೊಂಡಿದ್ದ.

ಇಪ್ಪತ್ತೈದರವರೆಗೂ ಬೆಳೆಯಬಹುದು ಎಂದು ಎತ್ತರ ಹೆಚ್ಚಿಸುವ ಪುಡಿಯ ಡಬ್ಬಿಯ ಮೇಲೆ ಬರೆದಿತ್ತು. ಎಂಟು ತಿಂಗಳು ಆ ಪುಡಿಯನ್ನು ಹಾಲಿಗೆ ಕಲಸಿ ಕುಡಿದ. ಕಂಬಿಗೆ ನೇತಾಡಿದ. ಅಂಗೈಯ ಚರ್ಮ ದಪ್ಪವಾಯಿತು. ಬೆಳೆದದ್ದು ಅಷ್ಟೇ.

ಕಳೆದ ತಿಂಗಳು, ಇಪ್ಪತ್ತೈದು ತುಂಬಿದ ದಿನ, ಊಟದ ವೇಳೆಯಲ್ಲಿ ಬಾಗಿಲು ಹಾಕಿಕೊಂಡು ತನ್ನ ಎಡಗೈಯನ್ನೇ ಯಂತ್ರದ ಕೆಳಗಿಟ್ಟ. ಬೆಳೆಯುವ ಮೂಳೆಯ ತುದಿಗೆ ಅಡ್ಡಲಾಗಿ ಒಂದು ಕಪ್ಪು ಗೆರೆ ಕಾಣುತ್ತದೆ. ಇನ್ನೂ ಮೂಳೆಯಾಗದ ಮೆತ್ತನೆಯ ಜಾಗ ಅದು, ಬೆಳೆಯುವುದೆಲ್ಲ ಅಲ್ಲೇ. ಅವನ ಕೈಯಲ್ಲಿ ಗೆರೆ ಇರಲಿಲ್ಲ. ಬೆಸೆದು ಬೆಳ್ಳಗಾಗಿ ವರ್ಷಗಳೇ ಆಗಿರಬೇಕು. ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ಅಳಿಸಲೂ ಇಲ್ಲ. ಹೆಸರಿನ ಜಾಗದಲ್ಲಿ 'ಪರೀಕ್ಷೆ' ಎಂದು ಬರೆದು ಕಂಪ್ಯೂಟರಿನಲ್ಲೇ ಬಿಟ್ಟ.

ಹನ್ನೊಂದು ಗಂಟೆಗೆ ತಮ್ಮ ಬಂದ. ಹದಿನೇಳು ವರ್ಷ. ಆಸ್ಪತ್ರೆಯ ಬಾಗಿಲು ಎತ್ತರದ್ದೇ ಆದರೂ ಅಭ್ಯಾಸಬಲದಿಂದ ತಲೆ ತಗ್ಗಿಸಿದ.

"ಅಣ್ಣಾ, ಚೀಟಿ ತಂದಿದೀನಿ."

ವಾಲಿಬಾಲ್ ತರಬೇತಿ ಕೇಂದ್ರದ ಚೀಟಿ. ಆಟದಲ್ಲಿ ಆಯ್ಕೆಯಾಗಿದೆ. ಈಗಿನ ಎತ್ತರ ಐದಡಿ ಹನ್ನೊಂದು. ಇನ್ನೂ ಎರಡಿಂಚಾದರೂ ಬೆಳೆಯುವವರು ಬೇಕು. ಎಡಗೈ ಮಣಿಕಟ್ಟಿನ ಚಿತ್ರ, ಮೂಳೆ ವೈದ್ಯರ ಸಹಿ, ಇವತ್ತು ಸಂಜೆಯೊಳಗೆ.

"ಅಣ್ಣ ಇದಾನಲ್ಲ, ಚೆನ್ನಾಗಿ ತೆಗೀತಾನೆ ಅಂದ್ಲು ಅಮ್ಮ."

"ಚೆನ್ನಾಗಿ ತೆಗೆಯೋಕೆ ಇದೇನು ಮದುವೆ ಫೋಟೋನಾ?"

ತಮ್ಮ ನಕ್ಕ. ಆಮೇಲೆ, "ನಂಗೆ ಭಯ ಆಗ್ತಿದೆ ಅಣ್ಣಾ," ಎಂದ.

"ಕೈ ಇಡು. ಬೆರಳು ಅಗಲಿಸು."

ಕೈ ಎಕ್ಸ್‌ರೇ ತಟ್ಟೆಯ ತುಂಬ ಹರಡಿಕೊಂಡಿತು. ಈ ಕೈ ಹಿಡಿದು ಅವನು ತಮ್ಮನಿಗೆ ರಸ್ತೆ ದಾಟಿಸಿದ್ದ. ಆಗ ಅದರ ಹಿಡಿಗೆ ಅಣ್ಣನ ಎರಡು ಬೆರಳಷ್ಟೇ ಸಿಗುತ್ತಿದ್ದವು. ತಾನು ತಲೆಯೆತ್ತಿ ತಮ್ಮನೊಡನೆ ಮಾತಾಡತೊಡಗಿದ್ದು ಯಾವಾಗ ಎಂದು ನೆನಪಿಲ್ಲ. ತಮ್ಮನಿಗೆ ಸಾಲದಾದ ಅಂಗಿ ತನಗೆ ಬಂದ ದಿನ ನೆನಪಿದೆ. "ಒಗೆದು ಇಸ್ತ್ರಿ ಮಾಡಿದೀನಿ, ಹೊಸದರ ಹಾಗೇ ಇದೆ ನೋಡು," ಎಂದಿದ್ದಳು ಅಮ್ಮ. ಅವನು ಹಾಕಿಕೊಂಡ. ತೋಳು ಉದ್ದವಾಗಿತ್ತು.

"ಹೊರಗೆ ಕೂತಿರು."

ತಮ್ಮನ ಮೂಳೆಗಳು ಪರದೆಯ ಮೇಲೆ ಬಂದವು. ಮಣಿಕಟ್ಟಿನ ಮೇಲೆ ಕಪ್ಪು ಗೆರೆ, ಯಾವ ಸಂಶಯಕ್ಕೂ ಎಡೆಯಿಲ್ಲದಂತೆ. ಹೋಲಿಸಿ ನೋಡೋಣ ಎಂದಷ್ಟೇ ತನ್ನದನ್ನೂ ತೆರೆದು ಪಕ್ಕದಲ್ಲಿಟ್ಟ.

ಮೂಳೆ ವೈದ್ಯರು ಬಾಗಿಲಿನಿಂದಲೇ ಇಣುಕಿದರು. "ಹೊರಗೆ ಕೂತಿರೋನು ನಿನ್ನ ತಮ್ಮನಂತೆ, ಹೌದೇನಯ್ಯಾ! ನಿಮ್ಮಮ್ಮ ಗೊಬ್ಬರವೆಲ್ಲ ಒಂದೇ ಗಿಡಕ್ಕೆ ಹಾಕಿಬಿಟ್ಟಿದಾರೆ."

ಅವನು ನಕ್ಕ. ಇಂಥ ಮಾತಿಗೆ ನಗುವುದೂ ಅವನ ಕೆಲಸಗಳಲ್ಲಿ ಒಂದಾಗಿತ್ತು.

"ಬೇಗ ಪ್ರಿಂಟ್ ತೆಗೆದು ತಾ. ಆಪರೇಷನ್ ಇದೆ ನಂಗೆ."

ತನ್ನ ಚಿತ್ರದ 'ಪರೀಕ್ಷೆ' ಎಂಬುದನ್ನು ಅಳಿಸಿ ಅಲ್ಲಿ ತಮ್ಮನ ಹೆಸರು ಟೈಪ್ ಮಾಡಿದ. ತಮ್ಮನ ಚಿತ್ರಕ್ಕೆ 'ಪರೀಕ್ಷೆ' ಎಂದು ಟೈಪ್ ಮಾಡಿದ. ಅಕ್ಷರ ತಪ್ಪಾಗಬಾರದೆಂದು ತಾನು ಎಚ್ಚರ ವಹಿಸುತ್ತಿರುವುದನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದ.

ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ನಾಲಗೆ ಲೊಚಗುಟ್ಟಿದರು. ತಮ್ಮನನ್ನು ಒಳಗೆ ಕರೆದರು.

"ಪೂರ್ತಿ ಮುಚ್ಚಿಹೋಗಿದೆ ಕಣಪ್ಪ. ಕೆಲವರಿಗೆ ಬೇಗ ಮುಚ್ಚುತ್ತೆ. ಇನ್ನು ಬೆಳೆಯಲ್ಲ. ಈ ಎತ್ತರಕ್ಕೇನು ಕಮ್ಮಿ, ಬಿಡು."

"ಏನಾದ್ರೂ ತಿಂದ್ರೆ ಸಾರ್? ವ್ಯಾಯಾಮ, ಔಷಧಿ?"

"ಮುಚ್ಚಿದ ಮೇಲೆ ತಲೆಕೆಳಗಾಗಿ ನಿಂತ್ರೂ ಇಲ್ಲ. ಪುಡಿ ಮಾರೋರು ಬೆಳೀತೀರ ಅಂತಾರೆ, ಕುಡಿಯೋ ಪೆದ್ದರೂ ಇದಾರೆ." ಅಣ್ಣನತ್ತ ತಿರುಗಿದರು. "ಅಲ್ವೇನಯ್ಯಾ?"

"ಹೌದು ಸರ್."

ವೈದ್ಯರು ಸಹಿ ಹಾಕಿದರು. ತಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತು ಕೋಚಿಗೆ ಫೋನು ಮಾಡಿದ. ಮಾತು ಅರ್ಧ ನಿಮಿಷವೂ ಆಗಲಿಲ್ಲ. ಆಮೇಲೆ, ತಮ್ಮನಿಂದ ಸುದ್ದಿ ತಿಳಿದ ಅಮ್ಮ ಅಣ್ಣನಿಗೆ ಫೋನು ಮಾಡಿದಳು.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು. ಒಬ್ಬನ್ನೇ ಬಿಡಬೇಡ ಅವನನ್ನ. ನೀನೇ ಜೊತೇಲಿ ಕರ್ಕೊಂಡು ಬಾ."

"ಆಯ್ತು."

"ನೀನು ದೊಡ್ಡೋನು. ನಾಲ್ಕು ಮಾತು ಹೇಳು."

"ಆಯ್ತಮ್ಮಾ."

ಮಧ್ಯಾಹ್ನವೆಲ್ಲ ಏನಾದರೂ ಅನಿಸೀತೆಂದು ಕಾದ. ಪಶ್ಚಾತ್ತಾಪವೋ, ಸಂತೋಷವೋ, ಎರಡರಲ್ಲಿ ಒಂದು. ಹದಿಮೂರು ಎದೆ, ಎರಡು ಮೊಣಕಾಲು, ಒಂದು ದವಡೆ ತೆಗೆದ. ಏನೂ ಅನಿಸಲಿಲ್ಲ. ಹಸಿವಾಯಿತು, ಊಟ ಮಾಡಿದ. ಚಿತ್ರಗಳು ಅದಲುಬದಲಾದವು ಎಂದರೆ ಮುಗಿಯಿತು. ಅಂಥ ತಪ್ಪು ಯಾರಿಂದಲೂ ಆಗುತ್ತದೆ. ಸಂಜೆಯವರೆಗೆ ಸಮಯವಿದೆ. ಐದು ಗಂಟೆಗೆ ಕಂಪ್ಯೂಟರ್ ಆರಿಸಿ, ಬೆಂಚಿನ ಮೇಲೆ ಕಾಯುತ್ತಿದ್ದ ತಮ್ಮನನ್ನು ಎಬ್ಬಿಸಿದ.

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ಸಿಕ್ಕಿತು. ತಮ್ಮನ ಮೊಣಕಾಲುಗಳು ಮುಂದಿನ ಸೀಟಿಗೆ ಒತ್ತುತ್ತಿದ್ದವು. ಅವನು ನಾಲ್ಕು ಮಾತು ಹುಡುಕಿದ. ತಮ್ಮ ಲಕೋಟೆಯಿಂದ ಚಿತ್ರ ತೆಗೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದ. ಇಳಿಬಿಸಿಲಿನಲ್ಲಿ ಮೂಳೆಗಳು ಬೆಳಗಿದವು.

"ಅಣ್ಣಾ."

"ಹೂಂ."

"ನನ್ನ ಕೈ ಇಷ್ಟು ಚಿಕ್ಕದಾ?"

ತಮ್ಮ ಎಡಗೈಯನ್ನು ಚಿತ್ರದ ಮೇಲೆ ಹರಡಿದ್ದ. ಬೆರಳುಗಳು ಚಿತ್ರದ ಬೆರಳುಗಳನ್ನು ದಾಟಿ ಒಂದೊಂದು ಗೆಣ್ಣು ಆಚೆಗೆ ಚಾಚಿದ್ದವು.

ಅವನು ಬಾಯಿ ತೆರೆದ.

"ಎಕ್ಸ್‌ರೇಲಿ ಹಾಗೇ. ಸ್ವಲ್ಪ ಚಿಕ್ಕದಾಗಿ ಬರುತ್ತೆ."

"ಓ," ಎಂದ ತಮ್ಮ. ಅಣ್ಣ ಓದಿದವನು.

ಆದರೂ ಕೈ ತೆಗೆಯಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಅದು ಜಾರಿತು. ಮತ್ತೆ ಸರಿಯಾಗಿ ಇಟ್ಟುಕೊಂಡ. ಆಮೇಲೆ ನಿಧಾನವಾಗಿ, ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳನ್ನು ಒಳಕ್ಕೆ ಮಡಿಸತೊಡಗಿದ, ತನ್ನ ಕೈ ಆ ಬಿಳಿಯ ಕೈಯೊಳಗೆ ಹಿಡಿಸುವವರೆಗೂ.