ಗುಡಿ ದೀಪದ ಗಾಜು

“ಥೂ! ಬಾಯಾಗೆ ಊದ್ತೀಯೇನೇ ಇದನ್ನ? ದೇವ್ರಿಗೆ ನಿನ್ನ ಎಂಜ್ಲು ಕೊಡ್ತೀಯೇನೇ ಮುಂಡೆ?”

ಅಡಿಕೆ ಸಾಹುಕಾರ ಬೆನಕಪ್ಪ ಗಾಜಿನ ಭಟ್ಟಿಯ ಬಾಗಿಲಲ್ಲೇ ನಿಂತು ಅರಚಿದ. ಗುಡಿ ಕಮಿಟಿಯ ಅಧ್ಯಕ್ಷ ಬೇರೆ. ಗಾಜು ಮಿಷನ್ನಿನಲ್ಲಿ ತಾನಾಗಿ ಹುಟ್ಟುತ್ತದೆಂದು ಪಾಪ, ಅರವತ್ತು ವರ್ಷ ನಂಬಿಕೊಂಡು ಬಂದಿದ್ದ. ನಂದಾದೀಪ ಗಾಳಿಗೆ ಆರದಂತೆ ಒಂದು ಗಾಜಿನ ಬುರುಡೆ ಬೇಕಿತ್ತು. ಗುಡಿಯ ಹಳೇ ಹಿತ್ತಾಳೆ ದೀಪಕ್ಕೆ ಅಂಗಡಿಯದು ಯಾವುದೂ ಕೂರಲಿಲ್ಲ. ಹೊನ್ನಾಳಿ ಸುತ್ತ ಗಾಜು ಊದುವವಳು ಹನುಮಂತಮ್ಮ ಒಬ್ಬಳೇ. ಬೇರೆ ದಾರಿಯಿಲ್ಲದೆ ಅವಳ ಕೇರಿಗೆ ಬಂದಿದ್ದ.

ಹನುಮಂತಮ್ಮ ಉದ್ದನೆಯ ಕಬ್ಬಿಣದ ಕೊಳವೆ ತಿರುಗಿಸುತ್ತಲೇ ನಕ್ಕಳು. “ಮತ್ತೆ ಮೂಗಿನಾಗೆ ಊದಾಕೆ ಬರ್ತೈತೇನ್ರಿ ಸಾವ್ಕಾರ್ರೇ?”

“ಸೈಕಲ್ ಪಂಪ್ ಹಾಕು.”

“ಹಾಕ್ಬೋದ್ರಿ. ಟೈರ್ ಆಗ್ತೈತೆ ಅಷ್ಟೇ. ಗಾಡಿಗೆ ಹಾಕ್ಕಂಡು ಹೋಗ್ರಿ.”

ಬೆನಕಪ್ಪ ಹಲ್ಲು ಕಡಿದ.

ಎದೆ ಸೋತಿದೆ, ಊದುವುದು ಸಾಕು ಎಂದು ಡಾಕ್ಟರು ಅವಳಿಗೆ ಹೇಳಿ ವರ್ಷವಾಗಿತ್ತು. ಆದರೂ ಇದೊಂದನ್ನು ಬಿಡಲು ಮನಸ್ಸಾಗಲಿಲ್ಲ. ಆ ಗುಡಿಯ ಹೊಸ್ತಿಲನ್ನು ಅವಳ ಅವ್ವ ದಾಟಿರಲಿಲ್ಲ, ಅವಳೂ ದಾಟಿರಲಿಲ್ಲ. ತಾನು ಹೊರಗಿದ್ದರೇನು, ತಾನು ಊದಿದ್ದು ದೇವರ ಮಗ್ಗುಲಲ್ಲೇ ಕೂರುತ್ತದಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದಳು. ಕೆಮ್ಮು ನುಂಗಿ ನುಂಗಿ ಊದಿದಳು. ಕೊಳವೆಯ ತುದಿಯ ಕೆಂಪು ಗಾಜಿನ ಮುದ್ದೆ ಉಬ್ಬಿ ಎಳೇ ಕುಂಬಳಕಾಯಿಯಷ್ಟು ದುಂಡಗಾಯಿತು. ಇಷ್ಟು ಚೆಂದದ್ದನ್ನು ಅವಳು ಹಿಂದೆಂದೂ ಊದಿರಲಿಲ್ಲ.

ಕೊಳವೆಯಿಂದ ಬಿಡಿಸಿ ಬಿಸಿ ಬೂದಿಯ ಮೇಲಿಟ್ಟಳು. “ಮುಟ್ಬ್ಯಾಡ್ರಿ. ಇದ್ರಾಗೇ ನಾಳೆಗಂಟ ಮೆಲ್ಲಗೆ ಆರ್ಬೇಕು.”

“ನೀ ಮಾಡಿದ್ದನ್ನ ನಾನ್ಯಾಕೆ ಮುಟ್ಲೇ?” ಎಂದ ಬೆನಕಪ್ಪ, ಚೀಲದಿಂದ ಗಂಜಲದ ಬಾಟಲಿ ತೆಗೆದ. “ಮಡಿ ಆಗ್ಲಿ” ಎಂದು ದೂರದಿಂದಲೇ ಎರಚಿದ.

ಠಳ್ ಎಂದಿತು. ಬುರುಡೆ ಚೂರುಚೂರಾಯಿತು.

ಹನುಮಂತಮ್ಮನಿಗೆ ಅಳು ಬಂತು. ಅದಕ್ಕಿಂತ ಮುಂಚೆ ಸಿಟ್ಟು ಬಂತು.

ಬೆನಕಪ್ಪನಿಗೂ ಗಾಬರಿ. “ಇನ್ನೊಂದು ಊದೇ ಬೇಗ. ನಾಳಿದ್ದು ಪೂಜೆ ಐತೆ.”

ಅವಳು ಭಟ್ಟಿಯಲ್ಲಿ ಕೊಳವೆ ಅದ್ದಿ ಮತ್ತೊಂದು ಮುದ್ದೆ ಎತ್ತಿಕೊಂಡು, ತಿರುಗಿಸುತ್ತ ಅವನೆದುರಿಗೆ ಬಂದಳು. ಈ ಸಲ ನಗಲಿಲ್ಲ.

“ಊದ್ತೀನ್ರಿ. ನನ್ನೆದ್ಯಾಗೆ ಇನ್ನೊಂದ್ರಷ್ಟು ಉಸ್ರು ಐತೆ. ಆದ್ರೆ ಗುಡಿ ಒಳಗೆ ಅದ್ನ ಕೂರ್ಸಾಕೆ ನಾನೇ ಬರ್ತೀನಿ. ಹೂಂ ಅನ್ರಿ.”

“ಏನಂದೆ ಬೋಸುಡಿ?”

“ಹೂಂ ಅನ್ರಿ ಸಾವ್ಕಾರ್ರೇ. ಗಾಜು ನಿಮಗೋಸ್ಕರ ಕಾಯಾದಿಲ್ಲ.”

ಹನುಮಂತಮ್ಮ ಕೊಳವೆ ತಿರುಗಿಸುವುದನ್ನು ನಿಲ್ಲಿಸಿದಳು. ಕೆಂಪು ಗಾಜು ಜೋತುಬಿದ್ದು, ಅವನ ಚಪ್ಪಲಿಯತ್ತ ನಿಧಾನಕ್ಕೆ ಇಳಿಯತೊಡಗಿತು.